ಹೋಲುವುದು ಮತ್ತು ಹೋಲಿಸುವುದು

(ಸಾರ್ವಜನಿಕ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘವನ್ನು ಸಾಧ್ಯವಾದಷ್ಟು ಉಳಿಸಿಕೊಂಡಿದ್ದೇನೆ.)

ಸಭಿಕರೆಲ್ಲರಿಗೂ ನಮಸ್ಕಾರ. ಸ್ವಲ್ಪ ಹೊತ್ತಿನ ಹಿಂದೆ ಧ್ವನಿವರ್ಧಕ ಸರಿಯಾಗಿ ಕೆಲಸ ಮಾಡದೆ ನನ್ನ ಮೊದಲ ವಾಕ್ಯ ಹಿಂದಿನ ಸಾಲುಗಳಿಗೆ ತಲುಪಲಿಲ್ಲ. ಆಗ ಅಲ್ಲಿ ಕುಳಿತಿದ್ದ ಒಬ್ಬರು "ಆಂ?" ಎಂದರು. ಅವರಿಗೆ ನಾನು ಕೃತಜ್ಞನಾಗಿದ್ದೇನೆ, ಏಕೆಂದರೆ ನಮಗೂ ಇತರರಿಗೂ ಇರುವ ಹೋಲಿಕೆಯ ಬಗ್ಗೆ ಮಾತನಾಡಲು ಅದಕ್ಕಿಂತ ಒಳ್ಳೆಯ ಪ್ರವೇಶ ನನಗೆ ಹೊಳೆದಿರಲಿಲ್ಲ.

"ಆಂ?" ಎಂಬುದನ್ನು ನಾವು ಪದವೆಂದೇ ಎಣಿಸುವುದಿಲ್ಲ. ಅದರ ಅರ್ಥ ತಿಳಿಯಲು ಯಾರೂ ನಿಘಂಟು ತೆರೆಯುವುದಿಲ್ಲ. ಆದರೆ ಮಾರ್ಕ್ ಡಿಂಗೆಮಾನ್ಸೆ, ಫ್ರಾನ್ಸಿಸ್ಕೊ ಟೊರೇರಾ ಮತ್ತು ನಿಕ್ ಎನ್‌ಫೀಲ್ಡ್ ಎಂಬ ಮೂವರು ಭಾಷಾವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನ ಪೂರ್ತಿಯಾಗಿ ಈ ಒಂದು ಉದ್ಗಾರವನ್ನು ಕುರಿತದ್ದು. ಅವರು ಒಂದಕ್ಕೊಂದು ನಂಟಿಲ್ಲದ ಭಾಷೆಗಳೂ ಸೇರಿದಂತೆ 31 ಭಾಷೆಗಳನ್ನು ನೋಡಿದರು. ಅವುಗಳಲ್ಲಿ ಹತ್ತನ್ನು, ಜನರು ಮನೆಯಲ್ಲಿ, ಬಯಲಿನಲ್ಲಿ, ಕೆಲಸದ ನಡುವೆ ಆಡಿದ ಮಾತುಗಳ ಧ್ವನಿಮುದ್ರಣಗಳ ಆಧಾರದಿಂದ ಸೂಕ್ಷ್ಮವಾಗಿ ಪರಿಶೀಲಿಸಿದರು. ಘಾನಾದ ಸಿವು, ಲಾವೋಸಿನ ಲಾವೊ, ಈಕ್ವೆಡಾರಿನ ಚಪಾಲಾ, ಉತ್ತರದ ಐಸ್‌ಲ್ಯಾಂಡಿಕ್ ಹೀಗೆ ದೂರದೂರದ ಭಾಷೆಗಳವು. ನಾಯಿಯನ್ನು ನಾವು ನಾಯಿ ಎಂದರೆ ಹಿಂದಿಯವರು ಕುತ್ತಾ ಎನ್ನುತ್ತಾರೆ, ಜಪಾನಿನವರು ಇನು ಎನ್ನುತ್ತಾರೆ. ಈ ಶಬ್ದಗಳಲ್ಲಿ ಒಂದರ ನೆರಳೂ ಇನ್ನೊಂದರ ಮೇಲೆ ಬಿದ್ದಿಲ್ಲ. ಆದರೆ ಎದುರಿನವರ ಮಾತು ಕೇಳಿಸದೆ ಹೋದಾಗ ಹೊರಡುವ ಸದ್ದು ಮಾತ್ರ ಈ ಎಲ್ಲ ಭಾಷೆಗಳಲ್ಲೂ ಒಂದೇ ಅಕ್ಷರದಷ್ಟು ಚಿಕ್ಕದು, ನಾಲಿಗೆಯನ್ನು ಹೆಚ್ಚು ಎತ್ತದೆ ಹೊರಡಿಸುವ ಸ್ವರದ್ದು, ಮೊದಲಲ್ಲಿ ವ್ಯಂಜನವೇ ಇಲ್ಲದ್ದು ಅಥವಾ ಗಂಟಲಿನಿಂದ ಬರುವ ಹಕಾರದಂಥದ್ದು ಮಾತ್ರ ಇರುವಂಥದ್ದು, ಹೆಚ್ಚಿನವುಗಳಲ್ಲಿ ಪ್ರಶ್ನೆಯ ಏರುದನಿಯದ್ದು.

ಇದು ಸೀನಿನ ಹಾಗೆ, ಬಿಕ್ಕಳಿಕೆಯ ಹಾಗೆ ಮೈಯಿಂದ ತಾನಾಗಿ ಹೊರಡುವ ಸದ್ದಾಗಿದ್ದರೆ ಆಶ್ಚರ್ಯವಿರಲಿಲ್ಲ. ಅದು ಹಾಗಲ್ಲ ಎಂಬುದು ಆ ಅಧ್ಯಯನದ ಮುಖ್ಯ ವಾದ. ಪ್ರತಿಯೊಂದು ಭಾಷೆಯೂ ತನ್ನ ಧ್ವನಿವ್ಯವಸ್ಥೆಗೆ ಹೊಂದುವಂತೆ ಅದನ್ನು ಸ್ವಲ್ಪ ಸ್ವಲ್ಪ ತಿದ್ದಿಕೊಂಡಿದೆ, ಮಕ್ಕಳು ಅದನ್ನು ಉಳಿದ ಪದಗಳಂತೆ ಕಲಿಯುತ್ತಾರೆ. ಹಾಗಿದ್ದರೂ ಅದು ಎಲ್ಲೆಡೆ ಒಂದೇ ಆಕಾರಕ್ಕೆ ಬಂದಿರುವುದೇಕೆಂದರೆ, ಎಲ್ಲೆಡೆಯೂ ಮನುಷ್ಯರು ಒಂದೇ ಪಾಡಿಗೆ ಸಿಕ್ಕಿದ್ದಾರೆ. ಎದುರಿನವರು ಏನೋ ಹೇಳಿದ್ದಾರೆ, ನನಗೆ ತಿಳಿದಿಲ್ಲ, ಉತ್ತರಿಸಬೇಕಾದ ಸರದಿ ನನ್ನದು, ಸಮಯವೋ ಕ್ಷಣದ ಒಂದಂಶ. ಅಷ್ಟರಲ್ಲಿ ಬಾಯಿಂದ ಹೊರಡಿಸಬಹುದಾದ, ಅತ್ಯಂತ ಕಡಿಮೆ ಶ್ರಮದ, ಪ್ರಶ್ನೆಯೆಂದು ಸ್ಪಷ್ಟವಾಗಿ ಕೇಳಿಸುವ ಸದ್ದು ಬೇಕು.

ಹೋಲಿಕೆಗಳಲ್ಲಿ ಎರಡು ಬಗೆಯಿದೆ ಎಂಬುದನ್ನು ಜೀವವಿಜ್ಞಾನಿಗಳು ಬಹಳ ಹಿಂದೆಯೇ ಗುರುತಿಸಿದ್ದರು. ರಿಚರ್ಡ್ ಓವನ್ 1843ರಲ್ಲಿ ಈ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಗೆರೆ ಎಳೆದರು. ತಿಮಿಂಗಿಲದ ಈಜುರೆಕ್ಕೆಯನ್ನು ಬಿಡಿಸಿ ನೋಡಿದರೆ ಒಳಗೆ ನಮ್ಮ ತೋಳಿನ, ಮಣಿಕಟ್ಟಿನ, ಬೆರಳಿನ ಮೂಳೆಗಳ ಜೋಡಣೆಯೇ ಕಾಣುತ್ತದೆ. ಅದು ಒಂದೇ ಮೂಲದಿಂದ ಇಳಿದು ಬಂದ ಹೋಲಿಕೆ. ಡಾಲ್ಫಿನ್ ಮತ್ತು ಶಾರ್ಕ್ ಹೊರನೋಟಕ್ಕೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೂ ಒಂದು ಮರಿಗೆ ಹಾಲೂಡಿಸುವ ಪ್ರಾಣಿ, ಇನ್ನೊಂದು ಮೀನು. ಅವುಗಳನ್ನು ಒಂದೇ ಆಕಾರಕ್ಕೆ ತಿದ್ದಿದ್ದು ನೀರು. ಮೊದಲನೆಯದನ್ನು ಹುಟ್ಟಿನ ಹೋಲಿಕೆ ಎಂದೂ ಎರಡನೆಯದನ್ನು ಪಾಡಿನ ಹೋಲಿಕೆ ಎಂದೂ ನಾನು ಕರೆಯುತ್ತೇನೆ.

ಮನುಷ್ಯರ ಸಾಮ್ಯವನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಹುಟ್ಟಿನ ಹೋಲಿಕೆಯನ್ನೇ ಎತ್ತಿಕೊಳ್ಳುತ್ತೇವೆ. ಅದರಲ್ಲಿ ಸತ್ಯವಿದೆ. ಸುಮಾರು 300 ಕೋಟಿ ಅಕ್ಷರಗಳಷ್ಟು ಉದ್ದದ ನಮ್ಮ ವಂಶವಾಹಿ ಬರಹದಲ್ಲಿ, ಯಾವ ಸಂಬಂಧವೂ ಇಲ್ಲದ ಇಬ್ಬರು ಶೇಕಡಾ 99.9ರ ಆಸುಪಾಸಿನಷ್ಟು ಒಂದೇ ಆಗಿರುತ್ತಾರೆ. ಉಳಿದಿರುವ ಅಲ್ಪ ವ್ಯತ್ಯಾಸದಲ್ಲಿಯೂ ನೂರಕ್ಕೆ ಸುಮಾರು 85 ಪಾಲು ಒಂದೇ ಜನಸಮುದಾಯದ ಒಳಗಿನವರ ನಡುವೆಯೇ ಇದೆ ಎಂದು ರಿಚರ್ಡ್ ಲೆವೊಂಟಿನ್ 1972ರಲ್ಲಿ ತೋರಿಸಿದರು. ಈ ಅಂಕಿಗಳು ಮುಖ್ಯವಾದವು, ಜನಾಂಗದ ಹೆಸರಿನಲ್ಲಿ ಹೇಳಿದ ಎಷ್ಟೋ ಸುಳ್ಳುಗಳನ್ನು ಇವು ಬಯಲಿಗೆಳೆದಿವೆ. ಆದರೂ ಈ ಅಂಕಿ ಕೇಳಿ ಒಬ್ಬರು ಇನ್ನೊಬ್ಬರ ವಿಷಯದಲ್ಲಿ ನಡೆದುಕೊಳ್ಳುವ ಬಗೆ ಬದಲಾದದ್ದನ್ನು ನಾನು ಕಂಡಿಲ್ಲ. ಒಡಹುಟ್ಟಿದವರು ಮಾತು ಬಿಟ್ಟು ಇಪ್ಪತ್ತು ವರ್ಷ ಕಳೆಯುವುದನ್ನು ಕಂಡಿದ್ದೇನೆ; ಅವರ ನಡುವೆ ರಕ್ತದ ಹೋಲಿಕೆಗೆ ಕೊರತೆಯಿರಲಿಲ್ಲ. ಆದ್ದರಿಂದ ಇಂದು ನಾನು ಮಾತನಾಡಬೇಕೆಂದಿರುವುದು ಎರಡನೆಯ ಬಗೆಯದನ್ನು, ಪಾಡಿನ ಹೋಲಿಕೆಯನ್ನು. ಅದನ್ನು ಗುರುತಿಸುವಲ್ಲಿ ನಾವು ಎಡವುವ ರೀತಿ ವಿಚಿತ್ರವಾದದ್ದು: ಎಲ್ಲಿ ನಾವು ನಿಜವಾಗಿ ಇತರರಂತೆಯೇ ಇದ್ದೇವೋ ಅಲ್ಲಿ ನಾವೊಬ್ಬರೇ ಹೀಗೆ ಎಂದುಕೊಳ್ಳುತ್ತೇವೆ, ಎಲ್ಲಿ ಇತರರು ನಿಜವಾಗಿ ಬೇರೆಯಾಗಿದ್ದಾರೋ ಅಲ್ಲಿ ಅವರೂ ನಮ್ಮಂತೆಯೇ ಎಂದುಕೊಳ್ಳುತ್ತೇವೆ.

ಮೊದಲನೆಯ ತಪ್ಪಿಗೆ ಒಂದು ತರಗತಿಯಲ್ಲಿ ನಡೆದ ಪ್ರಯೋಗವನ್ನು ನೋಡೋಣ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವದ ಪರೀಕ್ಷೆಯೊಂದನ್ನು ಕೊಟ್ಟರು. ಕೆಲವು ದಿನಗಳ ಬಳಿಕ ಪ್ರತಿಯೊಬ್ಬರ ಕೈಗೂ ಅವರವರ ಹೆಸರು ಬರೆದ ಹಾಳೆ ಬಂತು, ಅದರಲ್ಲಿ 13 ವಾಕ್ಯಗಳಿದ್ದವು. ನಿಮಗೆ ಇತರರ ಮೆಚ್ಚುಗೆ ಬೇಕೆನಿಸುತ್ತದೆ. ಹೊರಗೆ ಶಿಸ್ತಿನಿಂದ ಕಂಡರೂ ಒಳಗೊಳಗೇ ನಿಮಗೆ ಆತಂಕವಿದೆ. ಮಾಡಿದ ನಿರ್ಧಾರ ಸರಿಯೋ ತಪ್ಪೋ ಎಂಬ ಸಂದೇಹ ಕೆಲವೊಮ್ಮೆ ನಿಮ್ಮನ್ನು ಕಾಡುತ್ತದೆ. ನಿಮ್ಮೊಳಗೆ ನೀವು ಬಳಸದೆ ಉಳಿಸಿರುವ ಸಾಮರ್ಥ್ಯ ಬಹಳವಿದೆ. ಹೀಗಿತ್ತು ಅವುಗಳ ಧಾಟಿ. ಈ ಚಿತ್ರ ನಿಮಗೆ ಎಷ್ಟು ಒಪ್ಪುತ್ತದೆ, 5ರವರೆಗೆ ಅಂಕ ಕೊಡಿ ಎಂದಾಗ ಬಂದ ಸರಾಸರಿ 4ಕ್ಕಿಂತ ಹೆಚ್ಚು. ಆಮೇಲೆ ತಿಳಿದದ್ದೇನೆಂದರೆ ಎಲ್ಲರಿಗೂ ಕೊಟ್ಟಿದ್ದು ಒಂದೇ ಹಾಳೆ. ವಾಕ್ಯಗಳನ್ನು ಹೆಚ್ಚಾಗಿ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಆರಿಸಿಕೊಳ್ಳಲಾಗಿತ್ತು.

ಈ ಪ್ರಯೋಗವನ್ನು ಮನುಷ್ಯರು ಎಷ್ಟು ಸುಲಭವಾಗಿ ಮೋಸಹೋಗುತ್ತಾರೆ ಎಂಬುದಕ್ಕೆ ಉದಾಹರಣೆಯಾಗಿ ಕೊಡುವುದು ವಾಡಿಕೆ. ಫೋರರ್ ಅವರ ಉದ್ದೇಶವೂ ಅದೇ ಆಗಿತ್ತು. ಆದರೆ ನನಗೆ ಅದರಲ್ಲಿ ಬೇರೆಯದೇ ಕಾಣುತ್ತದೆ. ಆ ವಿದ್ಯಾರ್ಥಿಗಳು ಸುಳ್ಳನ್ನು ನಂಬಲಿಲ್ಲ. ಒಳಗಿನ ಆತಂಕ, ನಿರ್ಧಾರದ ಬಗೆಗಿನ ಸಂದೇಹ, ಮೆಚ್ಚುಗೆಯ ಹಸಿವು ಅವರೆಲ್ಲರಲ್ಲಿಯೂ ಇತ್ತು. ಆ ವಾಕ್ಯಗಳು ಹೆಚ್ಚುಕಡಿಮೆ ನಿಜವೇ ಆಗಿದ್ದವು. ಅವರು ತಪ್ಪಿದ್ದು ಒಂದೇ ಕಡೆ: ಇದು ನನ್ನನ್ನು ಮಾತ್ರ ಕುರಿತದ್ದು ಎಂದುಕೊಂಡರು. ಒಬ್ಬೊಬ್ಬರೂ ತಮ್ಮ ಹಾಳೆಯನ್ನು ಓದುತ್ತಾ, ನನ್ನ ಒಳಗನ್ನು ಇವರು ಕಂಡುಬಿಟ್ಟರಲ್ಲ ಎಂದು ಬೆರಗಾಗುತ್ತಿದ್ದಾಗ, ಪಕ್ಕದ ಬೆಂಚಿನವರ ಒಳಗೂ ಅದೇ ಇದೆ ಎಂಬುದು ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ತನ್ನ ಸಂದೇಹ ತನಗೆ ಒಳಗಿನಿಂದ ಗೊತ್ತು. ಪಕ್ಕದವರದು ಗೊತ್ತಾಗಬೇಕಾದರೆ ಅವರು ಬಾಯಿಬಿಡಬೇಕು. ಬಿಡಬಾರದೆಂದೇ ಅವರು, ನಮ್ಮಂತೆಯೇ, ಶಿಸ್ತಿನ ಮುಖ ಹೊತ್ತು ಕುಳಿತಿರುತ್ತಾರೆ. ತರಗತಿಯಲ್ಲಿ ಪಾಠ ತಿಳಿಯದೆ ಹೋದಾಗ ಕೈ ಎತ್ತದೆ ಕುಳಿತ ನೆನಪು ನಿಮ್ಮಲ್ಲಿ ಹಲವರಿಗೆ ಇರಬಹುದು. ಉಳಿದವರ ಮೌನವನ್ನು ನಾವು ಅವರಿಗೆ ತಿಳಿದಿದೆ ಎಂಬುದಕ್ಕೆ ಗುರುತಾಗಿ ಓದುತ್ತೇವೆ, ನಮ್ಮ ಮೌನದ ಕಾರಣ ನಾಚಿಕೆ ಎಂದು ನಮಗೆ ಚೆನ್ನಾಗಿ ಗೊತ್ತಿದ್ದೂ ಸಹ. ಒಂದೇ ಮೌನಕ್ಕೆ ಎರಡು ಅರ್ಥ ಕೊಡುತ್ತೇವೆ, ನಮ್ಮದಕ್ಕೊಂದು, ಅವರದಕ್ಕೊಂದು. ಈ ತಪ್ಪು ಎಷ್ಟು ಜನರನ್ನು ಒಂಟಿಯಾಗಿಸಿದೆ ಎಂಬುದನ್ನು ನೆನೆದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಇನ್ನು ಎರಡನೆಯ ತಪ್ಪು. ತನ್ನಂತೆ ಪರರನ್ನು ಬಗೆಯಬೇಕು ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಆ ಮಾತಿಗೆ ತಲೆಬಾಗುತ್ತಲೇ, ಅದನ್ನು ಎರಡು ರೀತಿಯಲ್ಲಿ ಓದಬಹುದು ಎಂಬುದನ್ನು ನಿಮ್ಮ ಗಮನಕ್ಕೆ ತರಲು ಬಯಸುತ್ತೇನೆ. ನನಗೆ ನೋವಾಗುವಂತೆ ಅವರಿಗೂ ನೋವಾಗುತ್ತದೆ ಎಂಬುದು ಒಂದು. ನನಗೆ ಯಾವುದು ಹಿತವೋ ಅವರಿಗೂ ಅದೇ ಹಿತ ಎಂಬುದು ಇನ್ನೊಂದು. ಬಾಯಲ್ಲಿ ಮೊದಲನೆಯದನ್ನು ಹೇಳುತ್ತಾ ನಡೆಯಲ್ಲಿ ಎರಡನೆಯದನ್ನು ಮಾಡುವುದು ನಮ್ಮಲ್ಲಿ ಬಹುಪಾಲು ಜನರ ರೂಢಿ.

ಇದನ್ನು ಮೀರಲು ಮಗು ಎಷ್ಟು ಬೇಗ ಕಲಿಯುತ್ತದೆ ಎಂಬುದನ್ನು ಬೆಟ್ಟಿ ರೆಪಕೋಲಿ ಮತ್ತು ಆಲಿಸನ್ ಗಾಪ್ನಿಕ್ 1997ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸುತ್ತದೆ. ಮಗುವಿನ ಮುಂದೆ ಎರಡು ಬಟ್ಟಲು. ಒಂದರಲ್ಲಿ ಮೀನಿನಾಕಾರದ ಬಿಸ್ಕತ್ತು, ಇನ್ನೊಂದರಲ್ಲಿ ಹಸಿ ಬ್ರೊಕೊಲಿ. ಮಕ್ಕಳಿಗೆ ಬಿಸ್ಕತ್ತೇ ಇಷ್ಟ. ಎದುರು ಕುಳಿತ ಮಹಿಳೆ ಎರಡನ್ನೂ ರುಚಿ ನೋಡಿ, ಬಿಸ್ಕತ್ತಿಗೆ ಮುಖ ಕಿವುಚುತ್ತಾಳೆ, ಬ್ರೊಕೊಲಿಗೆ ಮುಖವರಳಿಸುತ್ತಾಳೆ. ಆಮೇಲೆ ಅಂಗೈಯನ್ನು ಎರಡು ಬಟ್ಟಲುಗಳ ನಡುವೆ ಚಾಚಿ, ನನಗೆ ಸ್ವಲ್ಪ ಕೊಡುವೆಯಾ ಎಂದು ಕೇಳುತ್ತಾಳೆ. 14 ತಿಂಗಳ ಮಕ್ಕಳು ಹೆಚ್ಚಾಗಿ ಬಿಸ್ಕತ್ತನ್ನೇ ಕೊಟ್ಟವು. ಅದರಲ್ಲಿ ಸ್ವಾರ್ಥವೇನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ತಮಗೆ ಪ್ರಿಯವಾದದ್ದನ್ನೇ ಅವು ಇನ್ನೊಬ್ಬರ ಅಂಗೈ ಮೇಲೆ ಇಟ್ಟವು. ನಾಲ್ಕೇ ತಿಂಗಳು ದೊಡ್ಡವಾದ, 18 ತಿಂಗಳ ಮಕ್ಕಳು ಬ್ರೊಕೊಲಿ ಕೊಟ್ಟವು. ತಮಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕಾಗಿರಬಹುದು ಎಂಬ ಅರಿವು, ಇನ್ನೂ ನಾಲ್ಕು ಮಾತು ಸರಿಯಾಗಿ ಆಡಲು ಬಾರದ ವಯಸ್ಸಿನಲ್ಲಿ, ಹೀಗೆ ಮೂಡುತ್ತದೆ.

ಮೂಡಿದ್ದು ಉಳಿಯುತ್ತದೆ ಎಂದೇನೂ ಇಲ್ಲ. ಲೀ ರಾಸ್ ಮತ್ತು ಅವರ ಸಂಗಡಿಗರು 1977ರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು, ಎದೆಗೂ ಬೆನ್ನಿಗೂ ದೊಡ್ಡ ಜಾಹೀರಾತು ಫಲಕ ತೂಗುಹಾಕಿಕೊಂಡು ಆವರಣದಲ್ಲಿ ಓಡಾಡಲು ಸಿದ್ಧರಿದ್ದೀರಾ ಎಂದು ಕೇಳಿದರು. ಒಪ್ಪಿದವರು, ಹೆಚ್ಚಿನವರು ಒಪ್ಪುತ್ತಾರೆ ಎಂದು ಅಂದಾಜಿಸಿದರು. ಒಪ್ಪದವರು, ಹೆಚ್ಚಿನವರು ಒಪ್ಪುವುದಿಲ್ಲ ಎಂದು ಅಂದಾಜಿಸಿದರು. ಅಷ್ಟೇ ಆಗಿದ್ದರೆ ಇದೊಂದು ಲೆಕ್ಕದ ತಪ್ಪು ಎಂದು ಬಿಡಬಹುದಿತ್ತು. ಆದರೆ ತಮಗಿಂತ ಬೇರೆ ಆಯ್ಕೆ ಮಾಡಿದವರ ಸ್ವಭಾವವೇನು ಎಂದು ಕೇಳಿದಾಗ, ಎರಡೂ ಕಡೆಯವರು ಎದುರು ಕಡೆಯವರ ಬಗ್ಗೆ ಹೆಚ್ಚು ಗಟ್ಟಿಯಾದ, ಹೆಚ್ಚು ಖಚಿತವಾದ ತೀರ್ಪುಗಳನ್ನು ಕೊಟ್ಟರು. ಎಲ್ಲರೂ ನನ್ನಂತೆಯೇ ಎಂದು ನಂಬಿದವರಿಗೆ, ತನ್ನಂತಿಲ್ಲದವರು ಕಂಡಾಗ ಅವರಲ್ಲೇ ಏನೋ ಐಬಿರಬೇಕು ಎನಿಸುತ್ತದೆ.

ಇಲ್ಲಿ ನನ್ನ ಸ್ವಂತದ್ದೊಂದನ್ನು ಹೇಳಿಕೊಳ್ಳಬೇಕು. ನಮ್ಮ ತಂದೆಯವರಿಗೆ ಕೊನೆಯ ಎರಡು ತಿಂಗಳು ಮಾತಿರಲಿಲ್ಲ. ಪಾರ್ಶ್ವವಾಯು ಅವರ ಬಲಭಾಗವನ್ನೂ ಮಾತನ್ನೂ ಒಟ್ಟಿಗೆ ಕಸಿದುಕೊಂಡಿತ್ತು. ಅವರ ಹಾಸಿಗೆಯ ಪಕ್ಕದಲ್ಲಿ ನಾನು ರೇಡಿಯೋ ಇಟ್ಟಿದ್ದೆ, ಬೆಳಿಗ್ಗೆ ಹಾಕಿದರೆ ರಾತ್ರಿಯವರೆಗೆ ಅದು ಹಾಡುತ್ತಲೇ ಇರುತ್ತಿತ್ತು. ನನಗೆ ನಿಶ್ಶಬ್ದವೆಂದರೆ ಆಗುವುದಿಲ್ಲ. ಮಾತಿಲ್ಲದೆ ಮಲಗಿರುವವರಿಗೆ ನಿಶ್ಶಬ್ದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ ಎಂದು ನಾನಾಗಿಯೇ ತೀರ್ಮಾನಿಸಿದ್ದೆ. ಅವರು ಆಗಾಗ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಬೆಳಕು ಕಣ್ಣಿಗೆ ಚುಚ್ಚುತ್ತಿದೆಯೆಂದುಕೊಂಡು ಪರದೆ ಎಳೆಯುತ್ತಿದ್ದೆ. ಹನ್ನೊಂದನೆಯ ದಿನ ಹೊಸದಾಗಿ ಬಂದ ನರ್ಸ್ ಒಬ್ಬರು ಅವರ ಎಡಗೈಯೊಳಗೆ ತಮ್ಮ ಎರಡು ಬೆರಳು ಇಟ್ಟು, "ಅಜ್ಜಾ, ರೇಡಿಯೋ ಇರಲೋ ಬೇಡವೋ? ಇರಲಿ ಅನ್ನುವುದಾದರೆ ಒಂದು ಸಲ ಒತ್ತಿ, ಬೇಡ ಅನ್ನುವುದಾದರೆ ಎರಡು ಸಲ ಒತ್ತಿ" ಎಂದು ನಿಧಾನವಾಗಿ ಕೇಳಿದರು. ತಂದೆಯವರು ಎರಡು ಸಲ ಒತ್ತಿದರು. ಸ್ವಲ್ಪ ತಡೆದು, ಅವರಿಗೆ ತಿಳಿಯಲಿಲ್ಲವೇನೋ ಎಂಬಂತೆ, ಮತ್ತೆ ಎರಡು ಸಲ ಒತ್ತಿದರು.

ಆ ಹನ್ನೊಂದು ದಿನ ನನ್ನಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ತನ್ನಂತೆ ಪರರು ಎಂಬುದನ್ನು ನಾನು ಅಕ್ಷರಶಃ ಪಾಲಿಸಿದ್ದೆ, ಅದರಿಂದಲೇ ಅವರಿಗೆ ತೊಂದರೆಯಾಗಿತ್ತು. ಅವರೂ ನಾನೂ ಒಂದೇ ಆಗಿದ್ದದ್ದು, ಬೇಡವಾದ ಸದ್ದಿನಿಂದ ಹಿಂಸೆಪಡಬಲ್ಲವರು ಎಂಬುದರಲ್ಲಿ. ಯಾವ ಸದ್ದು ಬೇಡವಾದದ್ದು ಎಂಬುದರಲ್ಲಿ ನಾವು ಒಂದಾಗಿರಲಿಲ್ಲ. ಅದನ್ನು ತಿಳಿಯಲು ನನ್ನೊಳಗೆ ಎಷ್ಟು ಇಣುಕಿ ನೋಡಿಕೊಂಡರೂ ಪ್ರಯೋಜನವಿರಲಿಲ್ಲ, ಅವರನ್ನೇ ಕೇಳಬೇಕಾಗಿತ್ತು.

ನಮ್ಮ ಭಾಷೆಯಲ್ಲಿ ಹೋಲು ಎಂಬ ಕ್ರಿಯಾಪದದಿಂದಲೇ ಹೋಲಿಸು ಎಂಬುದು ಹುಟ್ಟಿದೆ. ಓಡು ಎಂಬುದರಿಂದ ಓಡಿಸು, ಕೂಡು ಎಂಬುದರಿಂದ ಕೂಡಿಸು ಬಂದ ಹಾಗೆ. ಓಡಿಸುವುದೆಂದರೆ ಓಡುವಂತೆ ಮಾಡುವುದು. ಹಾಗಾದರೆ ಹೋಲಿಸುವುದೆಂದರೆ, ಪದವನ್ನು ಬಿಡಿಸಿ ನೋಡಿದಲ್ಲಿ, ಹೋಲುವಂತೆ ಮಾಡುವುದು. ಬಳಕೆಯಲ್ಲಿ ನಾವು ಈ ಅರ್ಥವನ್ನು ಮರೆತಿದ್ದೇವೆ. ಆದರೂ ಹೋಲಿಸುವವರ ಕೈವಾಡವಿಲ್ಲದ ಹೋಲಿಕೆ ಇಲ್ಲ ಎಂಬ ಸೂಚನೆಯನ್ನು ಆ ಪದ ತನ್ನೊಳಗೆ ಇಟ್ಟುಕೊಂಡಿದೆ.

ಆ ಕೈವಾಡ ಎಷ್ಟು ಅಲ್ಪ ನೆಪದಿಂದ ಕೆಲಸ ಮಾಡಬಲ್ಲದು ಎಂಬುದನ್ನು ತೋರಿಸಿದವರು ಹೆನ್ರಿ ತಾಜ್‌ಫೆಲ್. ಪೋಲೆಂಡಿನ ಯಹೂದಿ ಮನೆತನದಲ್ಲಿ 1919ರಲ್ಲಿ ಹುಟ್ಟಿದ ಇವರು ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಸೈನಿಕರಾಗಿದ್ದು ಜರ್ಮನರ ಸೆರೆಯಲ್ಲಿ ವರ್ಷಗಳನ್ನು ಕಳೆದರು. ಬಿಡುಗಡೆಯಾಗಿ ಬಂದಾಗ ಹತ್ತಿರದ ಬಂಧುಗಳು ಯಾರೂ ಉಳಿದಿರಲಿಲ್ಲ. ಮುಂದೆ ಬ್ರಿಸ್ಟಲ್‌ನಲ್ಲಿ ಪ್ರಾಧ್ಯಾಪಕರಾಗಿದ್ದಾಗ, 14-15 ವರ್ಷದ ಶಾಲಾ ಹುಡುಗರನ್ನು ಕುರಿತ ಪ್ರಯೋಗಗಳನ್ನು ನಡೆಸಿ 1970ರಲ್ಲಿ ಪ್ರಕಟಿಸಿದರು. ಕ್ಲೇ ಮತ್ತು ಕ್ಯಾಂಡಿನ್ಸ್ಕಿ ಎಂಬ ಇಬ್ಬರು ಚಿತ್ರಕಾರರಲ್ಲಿ ಯಾರ ಚಿತ್ರ ಮೆಚ್ಚಿದಿರಿ ಎಂಬ ಆಧಾರದ ಮೇಲೆ ಹುಡುಗರನ್ನು ಎರಡು ಗುಂಪು ಮಾಡಿರುವುದಾಗಿ ಹೇಳಿದರು, ನಿಜವಾಗಿ ವಿಂಗಡಿಸಿದ್ದು ಮನಬಂದಂತೆ. ಆಮೇಲೆ ಇತರರಿಗೆ ಹಣ ಹಂಚಲು ಹೇಳಿದರು. ಪಡೆಯುವವರು ಯಾವ ಗುಂಪಿನವರು ಎಂಬುದಷ್ಟೇ ಹುಡುಗರಿಗೆ ಗೊತ್ತು, ಅವರು ಯಾರೆಂದು ತಿಳಿಯದು, ತಾವು ಹಂಚುವ ಹಣದಲ್ಲಿ ತಮಗೇನೂ ಪಾಲಿಲ್ಲ. ಆದರೂ ತಮ್ಮ ಗುಂಪಿನವರಿಗೆ ಹೆಚ್ಚು ಹಂಚಿದರು. ತಮ್ಮವರಿಗೆ ಬರುವ ಮೊತ್ತ ಕಡಿಮೆಯಾದರೂ ಚಿಂತೆಯಿಲ್ಲ, ಇನ್ನೊಂದು ಗುಂಪಿಗಿಂತ ಮುಂದಿರಬೇಕು ಎಂಬ ಆಯ್ಕೆಯತ್ತಲೂ ವಾಲಿದರು. ಕನ್ನಡದ "ನಾವು" ಎಂಬ ಪದ ಎದುರಿಗಿರುವವರನ್ನು ಸೇರಿಸಿಕೊಂಡಿದೆಯೋ ಹೊರಗಿಟ್ಟಿದೆಯೋ ಎಂಬುದನ್ನು ಹೇಳುವುದಿಲ್ಲ. ತೆಲುಗಿನಲ್ಲಿ ಅದಕ್ಕೆ ಮನಮು, ಮೇಮು ಎಂಬ ಎರಡು ಪದಗಳಿವೆ. ನಮ್ಮ ಪದದ ಈ ಅಸ್ಪಷ್ಟತೆಯನ್ನು ನಾನು ಕೊರತೆಯೆಂದು ಭಾವಿಸಿಲ್ಲ.

ನಾನು ಇದುವರೆಗೆ ಹೇಳಿದ್ದು, ಕೇಳಿದರೆ ಉತ್ತರಿಸಬಲ್ಲವರ ವಿಷಯ. ಬೆರಳು ಒತ್ತಲೂ ಬಾರದವರ ಪಾಡೇನು? ಈ ಪ್ರಶ್ನೆಯನ್ನು ಎತ್ತಿಕೊಳ್ಳದೆ ಹೋಲಿಕೆಯ ಬಗ್ಗೆ ಮಾತು ಮುಗಿಸುವುದು ನನಗೆ ಪ್ರಾಮಾಣಿಕವೆನಿಸುವುದಿಲ್ಲ.

ಇನ್ನೊಬ್ಬರಿಗೆ ನೋವಾಗುತ್ತದೆಂದು ನಮಗೆ ಹೇಗೆ ಗೊತ್ತು ಎಂಬುದಕ್ಕೆ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1865ರಲ್ಲಿ ಕೊಟ್ಟ ಉತ್ತರ ಹೆಸರಾದದ್ದು. ನನ್ನ ವಿಷಯದಲ್ಲಿ ಮೂರು ಕೊಂಡಿಗಳ ಸರಪಳಿಯಿದೆ: ಮೈಗೆ ಪೆಟ್ಟು ಬೀಳುತ್ತದೆ, ನೋವಿನ ಅನುಭವವಾಗುತ್ತದೆ, ನಾನು ಚೀರುತ್ತೇನೆ. ಇನ್ನೊಬ್ಬರಲ್ಲಿ ನನಗೆ ಕಾಣುವುದು ಮೊದಲ ಕೊಂಡಿ ಮತ್ತು ಕೊನೆಯ ಕೊಂಡಿ. ನಡುವಿನದನ್ನು ನಾನು ನನ್ನ ಹೋಲಿಕೆಯಿಂದ ತುಂಬಿಕೊಳ್ಳುತ್ತೇನೆ. ಒಂದೇ ಒಂದು ಉದಾಹರಣೆಯಿಂದ ಜಗತ್ತಿಗೆಲ್ಲ ನಿಯಮ ಕಟ್ಟಿದ್ದೆಂದು ಈ ವಾದವನ್ನು ಟೀಕಿಸಿದವರಿದ್ದಾರೆ. ಆ ಚರ್ಚೆಯೇನೇ ಇರಲಿ, ನಡುವಿನ ಕೊಂಡಿಯನ್ನು ತುಂಬಿಕೊಳ್ಳಲು ನಾವು ಒಪ್ಪದೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ನವಜಾತ ಶಿಶುಗಳ ಚಿಕಿತ್ಸೆಯ ಇತಿಹಾಸವೇ ಸಾಕ್ಷಿ.

1980ರ ದಶಕದ ಮಧ್ಯದವರೆಗೂ, ಮುಂದುವರಿದ ದೇಶಗಳ ಆಸ್ಪತ್ರೆಗಳಲ್ಲಿ ಸಹ, ಆಗತಾನೆ ಹುಟ್ಟಿದ ಶಿಶುಗಳಿಗೆ, ಅದರಲ್ಲೂ ದಿನ ತುಂಬುವ ಮುನ್ನ ಹುಟ್ಟಿದವಕ್ಕೆ, ಸಾಕಷ್ಟು ಅರಿವಳಿಕೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡುವುದು ಅಪರೂಪವಾಗಿರಲಿಲ್ಲ. ಮಾಡಿದವರು ಕ್ರೂರಿಗಳಲ್ಲ, ಮಗುವನ್ನು ಉಳಿಸಲು ನಿಂತವರೇ. ಅಷ್ಟು ಎಳೆಯ ದೇಹ ಅರಿವಳಿಕೆಯನ್ನು ತಾಳಿಕೊಳ್ಳಲಾರದು ಎಂಬ ಭಯ ಅವರಿಗಿತ್ತು. ಅದರ ಜೊತೆಗೆ, ಶಿಶುವಿನ ನರಗಳ ಮೇಲಿನ ಮಯಲಿನ್ ಎಂಬ ಹೊದಿಕೆ ಇನ್ನೂ ಪೂರ್ಣವಾಗಿರುವುದಿಲ್ಲವಾದ್ದರಿಂದ ಅದಕ್ಕೆ ನೋವು ನಮ್ಮಂತೆ ತಿಳಿಯದು, ತಿಳಿದರೂ ನೆನಪುಳಿಯದು ಎಂಬ ನಂಬಿಕೆಯೂ ಇತ್ತು. ಆದರೆ ಬೆಳೆದವರ ದೇಹದಲ್ಲಿಯೂ ನೋವನ್ನು ಒಯ್ಯುವ ನರತಂತುಗಳಲ್ಲಿ ಬಹಳಷ್ಟಕ್ಕೆ ಆ ಹೊದಿಕೆ ಇರುವುದೇ ಇಲ್ಲ. ಶಸ್ತ್ರಚಿಕಿತ್ಸೆಯ ವೇಳೆ ಮಗು ಅಲುಗದಿರಲೆಂದು ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧವನ್ನು ಮಾತ್ರ ಕೊಡುತ್ತಿದ್ದರು, ಕೆಲವೊಮ್ಮೆ ಜೊತೆಗೆ ನೈಟ್ರಸ್ ಆಕ್ಸೈಡ್ ಎಂಬ ಹಗುರ ಅರಿವಳಿಕೆಯ ಅನಿಲ. ಮಿಲ್ ಅವರ ಸರಪಳಿಯನ್ನು ನೆನಪಿಸಿಕೊಳ್ಳಿ. ನಡುವಿನ ಕೊಂಡಿಯನ್ನು ನಂಬಿಕೆ ತೆಗೆದುಹಾಕಿತ್ತು. ಕೊನೆಯ ಕೊಂಡಿಯನ್ನು, ಅಂದರೆ ಚೀರುವ, ಕೈಕಾಲು ಬಡಿಯುವ ಶಕ್ತಿಯನ್ನು, ಆ ಔಷಧ ತೆಗೆದುಹಾಕುತ್ತಿತ್ತು. ಉಳಿದದ್ದು ಕತ್ತಿಯ ಅಲಗು ಮತ್ತು ಅಲುಗದ ಒಂದು ಪುಟ್ಟ ದೇಹ.

ಆಕ್ಸ್‌ಫರ್ಡ್‌ನಲ್ಲಿ ಯುವ ವೈದ್ಯರಾಗಿದ್ದ ಕೆ. ಜೆ. ಎಸ್. ಆನಂದ್, ಶಸ್ತ್ರಚಿಕಿತ್ಸೆಗೆ ಹೋಗಿ ಮರಳಿದ ಶಿಶುಗಳು ಬಿಳಿಚಿಕೊಂಡು, ಹೋದಾಗಿನದಕ್ಕಿಂತ ಹದಗೆಟ್ಟ ಸ್ಥಿತಿಯಲ್ಲಿರುವುದನ್ನು ಗಮನಿಸಿದರು. ಅವರು ಕೇಳಿದ ರೀತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಮಗುವನ್ನು ಬಾಯಿಂದ ಕೇಳುವಂತಿರಲಿಲ್ಲ, ಮುಖದಿಂದ ಓದುವಂತಿರಲಿಲ್ಲ. ಅವರು ರಕ್ತವನ್ನು ಕೇಳಿದರು. ದಿನ ತುಂಬದೆ ಹುಟ್ಟಿದ, ಹೃದಯದ ಬಳಿಯ ರಕ್ತನಾಳವೊಂದನ್ನು ಕಟ್ಟಬೇಕಾಗಿದ್ದ ಶಿಶುಗಳಲ್ಲಿ ಕೆಲವಕ್ಕೆ ಎಂದಿನ ವಿಧಾನವನ್ನೇ ಅನುಸರಿಸಿ, ಕೆಲವಕ್ಕೆ ಅದರ ಜೊತೆಗೆ ಫೆಂಟನಿಲ್ ಎಂಬ ನೋವುನಿವಾರಕವನ್ನು ಕೊಟ್ಟು, ಎರಡೂ ಗುಂಪುಗಳ ರಕ್ತದಲ್ಲಿ ಅಡ್ರಿನಲಿನ್‌ನಂಥ ಒತ್ತಡದ ಹಾರ್ಮೋನುಗಳನ್ನು ಅಳೆದರು. ಫೆಂಟನಿಲ್ ಸಿಗದ ಶಿಶುಗಳಲ್ಲಿ ಅವು ಬಹಳ ಏರಿದ್ದವು, ಆಮೇಲಿನ ತೊಡಕುಗಳೂ ಆ ಗುಂಪಿನಲ್ಲೇ ಹೆಚ್ಚು. ಈ ಫಲಿತಾಂಶ ಪ್ರಕಟವಾದದ್ದು 1987ರಲ್ಲಿ. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಶಿಶುವಿಗೆ ಅರಿವಳಿಕೆ ಬೇಕೇ ಬೇಡವೇ ಎಂಬುದನ್ನು ವಯಸ್ಸೊಂದನ್ನೇ ನೋಡಿ ನಿರ್ಧರಿಸಬಾರದು ಎಂದು ಸ್ಪಷ್ಟಪಡಿಸಿತು. ಇದು ಹಳೆಯ ಕಾಲದ ಕಥೆಯಲ್ಲ. ಈ ಸಭೆಯಲ್ಲಿರುವ ಬಹಳ ಮಂದಿ ಅದಕ್ಕೆ ಮುಂಚೆ ಹುಟ್ಟಿದವರು.

ಆದರೆ ನೋವಿದೆ ಎಂದು ಒಪ್ಪಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಎಷ್ಟಿದೆ ಎಂದು ತಿಳಿಯಬೇಕಿತ್ತು. ಅದಕ್ಕಾಗಿ ದಾದಿಯರೂ ವೈದ್ಯರೂ ಹಲವು ಅಳತೆಪಟ್ಟಿಗಳನ್ನು ರೂಪಿಸಿದರು. ಅವುಗಳಲ್ಲೊಂದು, ಕೆನಡಾದ ಬಾನಿ ಸ್ಟೀವನ್ಸ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ, ದಿನ ತುಂಬದೆ ಹುಟ್ಟಿದ ಶಿಶುಗಳಿಗಾಗಿಯೇ ಮಾಡಿದ ಪಟ್ಟಿ. ಅದರಲ್ಲಿ ಏಳು ಅಂಶಗಳಿವೆ, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ಮೂರು ಅಂಶಗಳು ಮುಖದ್ದು: ಹುಬ್ಬು ಉಬ್ಬಿದೆಯೇ, ಕಣ್ಣು ಬಿಗಿಯಾಗಿ ಮುಚ್ಚಿದೆಯೇ, ಮೂಗಿನ ಪಕ್ಕದಿಂದ ತುಟಿಯಂಚಿಗೆ ಇಳಿಯುವ ಗೆರೆ ಆಳವಾಗಿದೆಯೇ. ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವಾಗ ನೋಡುವವರು ಆ ಪುಟ್ಟ ಹಣೆಯ ಮೇಲೆ ಕಣ್ಣು ನೆಟ್ಟು, ಹುಬ್ಬು ಎಷ್ಟು ಹೊತ್ತು ಗಂಟಿಕ್ಕಿತ್ತೆಂದು ಲೆಕ್ಕ ಇಡುತ್ತಾರೆ. ಅದು ನಮ್ಮ ಹುಬ್ಬು ಗಂಟಿಕ್ಕುವ ರೀತಿಯೇ, ನೋಡಿದ ಕೂಡಲೇ ಯಾರಿಗಾದರೂ ತಿಳಿಯುತ್ತದೆ. ಇನ್ನೆರಡು ಅಂಶಗಳು ಹೃದಯದ ಬಡಿತ ಮತ್ತು ರಕ್ತದಲ್ಲಿನ ಆಮ್ಲಜನಕ. ಉಳಿದ ಎರಡರ ಲೆಕ್ಕ ಮಾತ್ರ ಮೊದಲ ನೋಟಕ್ಕೆ ತಲೆಕೆಳಗಾದಂತೆ ತೋರುತ್ತದೆ. ಎಚ್ಚರವಾಗಿ ಚಟುವಟಿಕೆಯಿಂದಿರುವ ಮಗುವಿಗಿಂತ ಮುಖವನ್ನೂ ಅಲುಗಿಸದೆ ನಿದ್ರೆಯಲ್ಲಿರುವ ಮಗುವಿಗೆ ಹೆಚ್ಚು ಅಂಕ. ಹೆಚ್ಚು ವಾರ ಬೆಳೆದು ಹುಟ್ಟಿದ ಮಗುವಿಗಿಂತ ಬೇಗ ಹುಟ್ಟಿದ ಮಗುವಿಗೆ ಹೆಚ್ಚು ಅಂಕ. ಏಕೆಂದರೆ ಮಗು ಎಷ್ಟು ಎಳೆಯದೋ ನೋವನ್ನು ಹೊರಗೆ ತೋರಿಸುವ ಶಕ್ತಿ ಅದಕ್ಕೆ ಅಷ್ಟು ಕಡಿಮೆ. ಆ ಪಟ್ಟಿ ಅದರಿಂದ ನಮ್ಮ ಚೀರಾಟವನ್ನು ನಿರೀಕ್ಷಿಸುವುದಿಲ್ಲ; ನಮ್ಮ ನೋವು ಅದಕ್ಕೂ ಇದೆಯೆಂದು ಮಾತ್ರ ಮೊದಲೇ ಒಪ್ಪಿಕೊಂಡಿರುತ್ತದೆ. ಗರ್ಭದಲ್ಲಿ 36 ವಾರ ತುಂಬಿದ ಮಗುವಿಗೆ ವಾರಗಳ ಸಾಲಿನಲ್ಲಿ 0. 28 ವಾರವೂ ತುಂಬದೆ ಹುಟ್ಟಿದ ಮಗು ಇನ್ನೂ ಹುಬ್ಬು ಗಂಟಿಕ್ಕಿರುವುದಿಲ್ಲ, ಕಣ್ಣು ಬಿಗಿದಿರುವುದಿಲ್ಲ, ಹಾಗಿದ್ದರೂ ಆ ಸಾಲಿನಲ್ಲಿ ಅದರ ಹೆಸರಿನ ಮುಂದೆ 3 ಎಂದು ಬರೆಯುತ್ತಾರೆ.